ಪರೀಕ್ಷೆಯ ದಿನಗಳನ್ನು ಬೇರೆ ಬರೆಯಿರಿ, ಕಾದ ದಿನಗಳನ್ನು ಬೇರೆ ಬರೆಯಿರಿ: ನಮ್ಮ ಮೆಟ್ರೋ ಅಧಿಕಾರಿಗಳಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಬೆಂಗಳೂರು ಮೆಟ್ರೋ ರೈಲು ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ ಮತ್ತು ರಾಜ್ಯ ನಗರಾಭಿವೃದ್ಧಿ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಸುಂಟಿಕೊಪ್ಪದ ಹತ್ತಿರ ಆರು ಎಕರೆ ಕಾಫಿ ತೋಟ ನೋಡಿಕೊಂಡಿರುವ ಸಣ್ಣ ಬೆಳೆಗಾರ. ನಮ್ಮ ಜಿಲ್ಲೆಯಲ್ಲಿ ಇಂದಿಗೂ ರೈಲು ಹಳಿ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಮಾರ್ಗ ಬರುತ್ತದೆ ಎಂಬ ಮಾತನ್ನು ಕೇಳುತ್ತಲೇ ನನಗೆ ವಯಸ್ಸಾಯಿತು; ಆ ಮಾರ್ಗ ಬೇಕೆನ್ನುವವರೂ, ಕಾಡು ಮತ್ತು ಕಾವೇರಿಯ ಕಾರಣಕ್ಕೆ ಬೇಡವೆನ್ನುವವರೂ ನಮ್ಮಲ್ಲಿದ್ದಾರೆ. ಹೀಗಿರುವಾಗ ಕೊಡಗಿನವನೊಬ್ಬ ಬೆಂಗಳೂರಿನ ಮೆಟ್ರೋ ಪರೀಕ್ಷೆಗಳ ಬಗ್ಗೆ ತಮಗೇಕೆ ಪತ್ರ ಬರೆಯಬೇಕು ಎಂಬ ಪ್ರಶ್ನೆ ಸಹಜ. ನಮ್ಮ ಮಕ್ಕಳು ಓದಿಗೂ ಕೆಲಸಕ್ಕೂ ಬೆಂಗಳೂರಿಗೆ ಹೋಗುತ್ತಾರೆ, ನಮ್ಮ ರೋಗಿಗಳು ದೊಡ್ಡ ಚಿಕಿತ್ಸೆಗೆ ಮೈಸೂರು, ಮಂಗಳೂರು, ಬೆಂಗಳೂರಿಗೇ ಹೋಗಬೇಕು, ಮತ್ತು ಮೆಟ್ರೋ ಯೋಜನೆಗೆ ರಾಜ್ಯ ಸರ್ಕಾರ ಕೊಡುವ ಹಣದಲ್ಲಿ ನಮ್ಮ ತೆರಿಗೆಯ ಪಾಲೂ ಇದೆ. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಿನ ಜಾವ ಕೆಂಗೇರಿಯಲ್ಲಿ ಇಳಿಯುವ ನಮಗೆ ಊರೊಳಗಿನ ಮುಂದಿನ ದಾರಿ ಬಹಳ ಮಟ್ಟಿಗೆ ತಮ್ಮ ಹಳಿಗಳ ಮೇಲೆಯೇ ಇದೆ.

ನನ್ನ ಅಕ್ಕನಿಗೆ ಹೃದಯದ ಕವಾಟದ ತೊಂದರೆಯಿದೆ. ಬೊಮ್ಮಸಂದ್ರದ ಕಡೆಯ ಆಸ್ಪತ್ರೆಯೊಂದಕ್ಕೆ ಮೂರು ತಿಂಗಳಿಗೊಮ್ಮೆ ಅವಳನ್ನು ಕರೆದುಕೊಂಡು ಹೋಗುವುದು ನನ್ನ ಹೊಣೆ. 2024ರ ಮಳೆಗಾಲದ ಒಂದು ಬೆಳಿಗ್ಗೆ ಹೊಸೂರು ರಸ್ತೆಯಲ್ಲಿ ನಮ್ಮ ಆಟೋ ಮುಕ್ಕಾಲು ಗಂಟೆಯಿಂದ ಒಂದೇ ಕಡೆ ನಿಂತಿತ್ತು. ಅಕ್ಕ ತೊಡೆಯ ಮೇಲೆ ಎಕೋ ವರದಿಯ ಫೈಲು ಇಟ್ಟುಕೊಂಡು, ಅದು ನೆನೆಯದಿರಲೆಂದು ಅದರ ಮೇಲೆ ತನ್ನ ಶಾಲು ಮುಚ್ಚಿಕೊಂಡು ಕೂತಿದ್ದಳು. ಆಗ ತಲೆಯ ಮೇಲಿನ ಹಳಿಯಲ್ಲಿ ಆರು ಬೋಗಿಗಳ ಹೊಸ ರೈಲೊಂದು, ಒಳಗೆಲ್ಲ ದೀಪ ಹಚ್ಚಿಕೊಂಡು, ಒಬ್ಬ ಪ್ರಯಾಣಿಕನೂ ಇಲ್ಲದೆ, ನಡೆಯುವವನ ವೇಗದಲ್ಲಿ ಹೋಯಿತು. ಅಕ್ಕ ಕತ್ತು ಹೊರಗೆ ಹಾಕಿ ಅದು ಕಣ್ಮರೆಯಾಗುವವರೆಗೆ ನೋಡಿ, "ಅಷ್ಟೂ ಖಾಲಿ ಹೋಗುತ್ತಿದೆಯಲ್ಲೋ, ನಮ್ಮನ್ನು ಯಾಕೆ ಹತ್ತಿಸಿಕೊಳ್ಳುವುದಿಲ್ಲ?" ಎಂದು ಕೇಳಿದಳು. "ಪರೀಕ್ಷೆ ನಡೆಯುತ್ತಿದೆ ಅಕ್ಕ" ಎಂದೆ. ಮೂರು ತಿಂಗಳ ನಂತರವೂ ಅದನ್ನೇ ಹೇಳಿದೆ. ಅದರ ಮುಂದಿನ ಸಲವೂ ಅದನ್ನೇ ಹೇಳಿದಾಗ ಅವಳು ಹೇಳಿದ ಮಾತು ಈ ಪತ್ರಕ್ಕೆ ಕಾರಣ: "ಇಷ್ಟು ದಿನ ಪರೀಕ್ಷೆ ಮಾಡಬೇಕಾದರೆ ಆ ರೈಲಿನಲ್ಲಿ ಏನೋ ದೋಷ ಇರಬೇಕು. ಶುರುವಾದರೂ ನಾನು ಹತ್ತುವುದಿಲ್ಲ."

ಅವಳ ತೀರ್ಮಾನ ತಪ್ಪು ಎಂದು ನನಗೆ ಗೊತ್ತಿತ್ತು. ಆದರೆ ಅವಳಿಗೆ ಆ ತೀರ್ಮಾನಕ್ಕೆ ಬರಲು ಕಾರಣವಿತ್ತು. ತಡವಾದ ಪ್ರತಿ ದಿನಕ್ಕೂ ಹೊರಗಿನವರ ಕಿವಿಗೆ ಬೀಳುತ್ತಿದ್ದ ಕಾರಣ ಒಂದೇ, ಪರೀಕ್ಷೆ. ಬೋಗಿ ಬಾರದೆ ತಡವಾದದ್ದು, ಪ್ರಮಾಣಪತ್ರ ಕೈಸೇರದೆ ತಡವಾದದ್ದು, ನಿಜವಾಗಿಯೂ ರೈಲನ್ನು ಓಡಿಸಿ ಅಳೆದು ನೋಡುವುದಕ್ಕೆ ಹಿಡಿದ ದಿನಗಳು ಎಲ್ಲವೂ ಜನರ ಲೆಕ್ಕದಲ್ಲಿ ಒಂದೇ ಮೂಟೆಯೊಳಗೆ ಹೋದವು. ಈ ಮೂಟೆಯನ್ನು ಬಿಚ್ಚಿ ಜನರ ಮುಂದಿಡಿ ಎಂಬುದು ನನ್ನ ಕೋರಿಕೆ. ಗುಲಾಬಿ ಮತ್ತು ನೀಲಿ ಎಂಬ ಹೊಸ ಮೆಟ್ರೋ ಮಾರ್ಗಗಳು ಮುಂದಿರುವ ಈ ಹೊತ್ತಿನಲ್ಲಿ ಅದನ್ನು ಕೇಳುವುದು ಸಕಾಲಿಕ ಎಂದು ಭಾವಿಸಿದ್ದೇನೆ.

ಅಕ್ಕ ಕಂಡ ಆ ಖಾಲಿ ರೈಲು ಓಡುತ್ತಿದ್ದ ಹಳದಿ ಮಾರ್ಗದ ಕಥೆಯನ್ನು ಒಮ್ಮೆ ಹಿಂತಿರುಗಿ ನೋಡೋಣ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿ.ಮೀ., 16 ನಿಲ್ದಾಣಗಳು. ಕಂಬಗಳು ಎದ್ದು, ಮೇಲೆ ಹಳಿ ಹಾಸಿ, ನಿಲ್ದಾಣಗಳಿಗೆ ಬಣ್ಣ ಬಳಿದಾಗಿತ್ತು. ಓಡಿಸಲು ರೈಲು ಇರಲಿಲ್ಲ. 216 ಬೋಗಿಗಳ ಗುತ್ತಿಗೆಯನ್ನು 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿ ಪಡೆದಿತ್ತು. ಅವುಗಳಲ್ಲಿ ಹೆಚ್ಚಿನವನ್ನು ಭಾರತದಲ್ಲಿಯೇ ತಯಾರಿಸಬೇಕೆಂಬುದು ಕರಾರು. ಇಲ್ಲಿ ಕಾರ್ಖಾನೆ ಏಳಲಿಲ್ಲ. 2020ರ ಗಡಿ ಬಿಕ್ಕಟ್ಟಿನ ನಂತರ ಅಲ್ಲಿನ ಎಂಜಿನಿಯರುಗಳಿಗೆ ವೀಸಾ ಸಿಗುವುದೂ ಕಷ್ಟವಾಯಿತು. ಕೊನೆಗೆ ಕೋಲ್ಕತ್ತದ ಬಳಿಯ ಟಿಟಾಗಢ ಕಂಪನಿಯ ಜತೆ ಸೇರಿ ಬೋಗಿ ತಯಾರಿಸುವ ವ್ಯವಸ್ಥೆಯಾಯಿತು. ಮೊದಲ ರೈಲು ಚೀನಾದಿಂದ ಚೆನ್ನೈ ಬಂದರಿನ ಮೂಲಕ 2024ರ ಫೆಬ್ರುವರಿಯಲ್ಲಿ ಹೆಬ್ಬಗೋಡಿ ಡಿಪೋ ತಲುಪಿತು. ಮಾರ್ಚ್‌ನಲ್ಲಿ ಪ್ರಾಯೋಗಿಕ ಸಂಚಾರ ಶುರುವಾಯಿತು. ಎರಡನೆಯ ರೈಲು ಟಿಟಾಗಢದಿಂದ ಹೊರಟದ್ದು 2025ರ ಜನವರಿಯಲ್ಲಿ. 2025ರ ಜುಲೈ ಕೊನೆಯಲ್ಲಿ ಸುರಕ್ಷತಾ ಆಯುಕ್ತರ ತಪಾಸಣೆ ನಡೆದು, ಆಗಸ್ಟ್ 10ರಂದು ಪ್ರಧಾನಮಂತ್ರಿಗಳು ಮಾರ್ಗವನ್ನು ಉದ್ಘಾಟಿಸಿದರು. ಮೊದಲ ದಿನಗಳಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು.

ಮೊದಲ ರೈಲು ಬಂದಂದಿನಿಂದ ಜನರು ಹತ್ತಿದ ದಿನದವರೆಗೆ ಸುಮಾರು ಹದಿನೆಂಟು ತಿಂಗಳು. ಇದರಲ್ಲಿ ರೈಲನ್ನು ಓಡಿಸಿ ಪರೀಕ್ಷಿಸಲು ಎಷ್ಟು ದಿನ ಹಿಡಿಯಿತು? ಎರಡನೆಯ, ಮೂರನೆಯ ರೈಲಿಗಾಗಿ ಕಾದದ್ದು ಎಷ್ಟು ದಿನ? ರೈಲುಗಳ ಓಡಾಟವನ್ನು ನಿಯಂತ್ರಿಸುವ ಸಿಗ್ನಲಿಂಗ್ ವ್ಯವಸ್ಥೆಯ ಸುರಕ್ಷತಾ ಪ್ರಮಾಣಪತ್ರಕ್ಕಾಗಿ ಎಷ್ಟು ದಿನ? ಒಂದು ಕಚೇರಿಯ ಮೇಜಿನಿಂದ ಇನ್ನೊಂದು ಕಚೇರಿಯ ಮೇಜಿಗೆ ಕಡತ ಹೋಗುವುದಕ್ಕೆ ಎಷ್ಟು ದಿನ? ಪತ್ರಿಕೆಗಳನ್ನು ಗಮನವಿಟ್ಟು ಓದುವ ನನ್ನಂಥವನಿಗೂ ಇದನ್ನು ಬಿಡಿಸಿ ಹೇಳಲು ಆಗುವುದಿಲ್ಲ. ತಮ್ಮ ಎಂಜಿನಿಯರುಗಳ ಬಳಿ ಇದರ ಲೆಕ್ಕ ದಿನಾಂಕ ಸಮೇತ ಇದ್ದೇ ಇರುತ್ತದೆ, ಏಕೆಂದರೆ ಅಂಥ ದಾಖಲೆ ಇಲ್ಲದೆ ಯಾವ ಸುರಕ್ಷತಾ ಅಧಿಕಾರಿಯೂ ಸಹಿ ಹಾಕಲಾರರು.

ಪರೀಕ್ಷೆಗಳನ್ನು ಬೇಗ ಮುಗಿಸಿ ಎಂದು ನಾನು ಕೇಳುತ್ತಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ತಡವಾದಾಗಲೆಲ್ಲ ಹಾಗೆ ಕೂಗುವವರು ಬಹಳ ಮಂದಿ. ಆ ಖಾಲಿ ರೈಲು ಹಳಿಯ ಮೇಲೆ ಏನು ಮಾಡುತ್ತಿತ್ತು ಎಂಬುದನ್ನು ಬಲ್ಲವರನ್ನು ಕೇಳಿ ತಿಳಿದುಕೊಂಡ ಮೇಲೆ ನನಗೆ ಆ ಕೆಲಸದ ಮೇಲೆ ಗೌರವ ಹುಟ್ಟಿತು. ಮೊದಲು ಡಿಪೋದಲ್ಲಿ ರೈಲನ್ನು ನಿಲ್ಲಿಸಿಯೇ ಬಾಗಿಲು, ಬ್ರೇಕ್, ಮೂರನೆಯ ಹಳಿಯಿಂದ ಬರುವ 750 ವೋಲ್ಟ್ ವಿದ್ಯುತ್ತಿನ ಸಂಪರ್ಕ, ಎಲ್ಲವನ್ನೂ ಒಂದೊಂದಾಗಿ ನೋಡುತ್ತಾರೆ. ಆಮೇಲೆ ಹಳಿಗೆ ಇಳಿಸಿ ನಡಿಗೆಯ ವೇಗದಿಂದ ಶುರುಮಾಡಿ ಹಂತ ಹಂತವಾಗಿ ಏರಿಸುತ್ತಾರೆ. ಪ್ರಯಾಣಿಕರ ಭಾರಕ್ಕೆ ಬದಲಾಗಿ ಮರಳಿನ ಚೀಲಗಳನ್ನು ತುಂಬಿ, ಖಾಲಿಯಿದ್ದಾಗ ಎಷ್ಟು ಓಲಾಡುತ್ತದೆ, ತುಂಬಿದಾಗ ಎಷ್ಟು, ತಿರುವಿನಲ್ಲಿ ಎಷ್ಟು ಎಂದು ಅಳೆಯುತ್ತಾರೆ; ಇದನ್ನು ನಡೆಸುವುದು ಲಖನೌದಲ್ಲಿರುವ ರೈಲ್ವೆಯ ಸಂಶೋಧನೆ ಮತ್ತು ಮಾನಕ ಸಂಸ್ಥೆ. ಹಳಿ ಒಣಗಿದ್ದಾಗ ಮಾತ್ರವಲ್ಲ, ಒದ್ದೆಯಾಗಿದ್ದಾಗಲೂ ತುರ್ತು ಬ್ರೇಕ್ ಹಾಕಿ ರೈಲು ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ರಸ್ತೆಯಲ್ಲಿಯೇ ಜೀಪು ಓಡಿಸುವ ನಮಗೆ ಈ ಒಂದು ಪರೀಕ್ಷೆಯ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದಾದ ಮೇಲೆ ಸಿಗ್ನಲಿಂಗ್. ಹಳದಿ ಮಾರ್ಗದ ರೈಲುಗಳು ಚಾಲಕರಿಲ್ಲದೆಯೂ ಓಡಬಲ್ಲವು. ಆದ್ದರಿಂದ ರೈಲು ಎಲ್ಲಿದೆ, ಎಷ್ಟು ವೇಗದಲ್ಲಿದೆ, ಮುಂದಿನದು ಎಷ್ಟು ದೂರದಲ್ಲಿದೆ ಎಂಬ ಮಾಹಿತಿ ರೈಲಿಗೂ ನಿಯಂತ್ರಣ ಕೇಂದ್ರಕ್ಕೂ ನಡುವೆ ರೇಡಿಯೋ ಮೂಲಕ ಎಡೆಬಿಡದೆ ಹರಿಯುತ್ತಿರಬೇಕು. ಒಂದು ಕಡೆ ತಂತ್ರಾಂಶದಲ್ಲಿ ಸಣ್ಣ ತಿದ್ದುಪಡಿ ಮಾಡಿದರೆ, ಅದರಿಂದ ಬೇರೆ ಕಡೆ ಏನೂ ಕೆಟ್ಟಿಲ್ಲ ಎಂದು ತೋರಿಸಲು ಹಿಂದೆ ಮಾಡಿದ ಪರೀಕ್ಷೆಗಳಲ್ಲಿ ಹಲವನ್ನು ಮತ್ತೆ ಮಾಡಬೇಕಾಗುತ್ತದೆ. ನಂತರ ಗುತ್ತಿಗೆದಾರರಿಗೂ ನಿಗಮಕ್ಕೂ ಸೇರದ ಸ್ವತಂತ್ರ ಪರಿಶೀಲಕರು ಪ್ರಮಾಣಪತ್ರ ಕೊಡಬೇಕು. ಬೋಗಿಗಳಿಗೆ ರೈಲ್ವೆ ಮಂಡಳಿಯ ಒಪ್ಪಿಗೆ ಬೇಕು. ಕೊನೆಯಲ್ಲಿ ಮೆಟ್ರೋ ರೈಲು ಸುರಕ್ಷತಾ ಆಯುಕ್ತರು ಬಂದು ಇಡೀ ಮಾರ್ಗವನ್ನು ತಪಾಸಣೆ ಮಾಡಬೇಕು. ಈ ಆಯುಕ್ತರ ಕಚೇರಿ ರೈಲ್ವೆ ಸಚಿವಾಲಯದಡಿ ಇಲ್ಲದೆ ನಾಗರಿಕ ವಿಮಾನಯಾನ ಸಚಿವಾಲಯದಡಿ ಇದೆ ಎಂಬುದು ನನಗೆ ಇತ್ತೀಚೆಗೆ ಗೊತ್ತಾದ ಸಂಗತಿ. ರೈಲು ಓಡಿಸುವವರೇ ರೈಲು ಸುರಕ್ಷಿತ ಎಂದು ಹೇಳಿಕೊಳ್ಳಬಾರದು ಎಂಬ ಎಚ್ಚರ ಅದರ ಹಿಂದಿದೆ. ಹಾಗೆ ಮಾಡಿಟ್ಟ ಹಿರಿಯರ ಬಗ್ಗೆ ಕೃತಜ್ಞತೆ ಅನ್ನಿಸಿತು.

ಇಷ್ಟೆಲ್ಲ ಅಚ್ಚುಕಟ್ಟಾದ ಕೆಲಸ ನಡೆಯುತ್ತಿದ್ದರೂ ಹೊರಗೆ ನಿಂತವನಿಗೆ ಕಾಣುವುದು ಖಾಲಿ ರೈಲು ಮತ್ತು ಮುಂದಕ್ಕೆ ಹೋದ ದಿನಾಂಕ. 2024ರಲ್ಲಿ ಶುರುವಾಗುತ್ತದೆ ಎಂದಿತ್ತು, ನಂತರ 2025ರ ಆರಂಭದಲ್ಲಿ ಎಂದಾಯಿತು, ಆಮೇಲೆ ವರ್ಷದ ಮಧ್ಯಕ್ಕೆ ಹೋಯಿತು. ದಿನಾಂಕ ಮುಂದೆ ಹೋದಾಗಲೆಲ್ಲ, ಏಕೆ ಹೋಯಿತು ಎಂಬ ಜಾಗ ಜನರ ಮನಸ್ಸಿನಲ್ಲಿ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗವನ್ನು ಯಾರು ಬೇಕಾದರೂ ತುಂಬಬಹುದು.

ನಮ್ಮ ಮನೆಯಲ್ಲಿಯೇ ಅದು ಆಯಿತು. 2024ರ ಬೇಸಿಗೆಯಲ್ಲಿ ಮಗಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿ, ಸಿಂಗಸಂದ್ರದ ಕಡೆ ಮನೆ ಹುಡುಕಲು ನಾನೂ ಹೋಗಿದ್ದೆ. ಮನೆ ತೋರಿಸಿದ ದಲ್ಲಾಳಿ ಮಹಡಿಯ ಮೇಲಿನಿಂದ ನಿಲ್ದಾಣದ ಚಾವಣಿಯನ್ನು ಬೆರಳಿಟ್ಟು ತೋರಿಸಿ, "ಇನ್ನೆರಡೇ ತಿಂಗಳು ಸಾರ್, ಒಳಗಿನಿಂದಲೇ ಸುದ್ದಿ ಬಂದಿದೆ, ಟೆಸ್ಟಿಂಗ್ ಎಲ್ಲ ಮುಗಿದಿದೆ" ಎಂದ. ಯಾವ ಪ್ರಕಟಣೆಯಲ್ಲಿಯೂ ಇಲ್ಲದ ದಿನಾಂಕವದು, ಅವನೇ ಕಟ್ಟಿದ್ದು. ಒಳಗಿನ ಬೀದಿಯ ಮನೆಗಿಂತ ತಿಂಗಳಿಗೆ ನಾಲ್ಕು ಸಾವಿರ ಹೆಚ್ಚು ಬಾಡಿಗೆಗೆ ನಾವು ಒಪ್ಪಿದೆವು. ಒಂದು ವರ್ಷ ದಾಟಿದರೂ ಮಗಳು ಆ ಚಾವಣಿಯ ಕೆಳಗೆ ಬಸ್ಸಿಗಾಗಿ ನಿಲ್ಲುತ್ತಿದ್ದಳು. ಮೊದಲ ರೈಲು ಡಿಪೋಗೆ ಬಂದು ಇನ್ನೂ ಕೆಲವೇ ವಾರ, ಮುಂದೆ ಇಂತಿಂಥ ಪರೀಕ್ಷೆಗಳು ಬಾಕಿ, ಬೇಕಾದ ಉಳಿದ ರೈಲುಗಳು ಕಾರ್ಖಾನೆಯನ್ನೇ ಬಿಟ್ಟಿಲ್ಲ ಎಂದು ನಿಲ್ದಾಣದ ಗೋಡೆಯ ಮೇಲೆ ಕನ್ನಡದಲ್ಲಿ ಹತ್ತು ಸಾಲು ಬರೆದಿದ್ದರೆ ಅವನ ಮಾತನ್ನು ಅಲ್ಲೇ ತಳ್ಳಿಹಾಕಬಹುದಿತ್ತು.

ನಮ್ಮ ಕಸುಬಿನ ಒಂದು ರೂಢಿಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಈಗ ರೋಬಸ್ಟಾ ಕಾಫಿಯ ಕೊಯ್ಲಿನ ಸಮಯ. ಈ ಪತ್ರ ಬರೆಯುತ್ತಿರುವ ಜಗಲಿಯ ಮುಂದೆಯೇ ಕಣದಲ್ಲಿ ಹಣ್ಣು ಹರಡಿದೆ. ಬಿಸಿಲು ಚೆನ್ನಾಗಿದ್ದರೆ ಎರಡು ವಾರದ ಆಸುಪಾಸಿನಲ್ಲಿ ಚೆರಿ, ಅಂದರೆ ಸಿಪ್ಪೆ ಸಮೇತದ ಹಣ್ಣು, ಒಣಗುತ್ತದೆ. ಒಂದು ಹಿಡಿ ತೆಗೆದುಕೊಂಡು ಕಿವಿಯ ಹತ್ತಿರ ಕುಲುಕಿದರೆ ಗಲಗಲ ಸದ್ದು ಬರಬೇಕು. ಆ ಮೇಲೂ ತೇವಾಂಶ ಅಳೆಯುವ ಮೀಟರಿನಲ್ಲಿ ಶೇಕಡಾ 11ಕ್ಕೆ ಇಳಿದಿದೆಯೇ ಎಂದು ನೋಡಿಯೇ ಚೀಲಕ್ಕೆ ತುಂಬುತ್ತೇವೆ. ಬೆಲೆ ಏರಿದೆ ಎಂದು ಅರೆ ಒಣಗಿದ್ದನ್ನು ತುಂಬಿದರೆ ಗೋದಾಮಿನಲ್ಲಿ ಬೂಷ್ಟು ಹಿಡಿದು ಇಡೀ ರಾಶಿ ಕೆಡುತ್ತದೆ. ಇಷ್ಟು ಯಾವ ಬೆಳೆಗಾರನಿಗೂ ಗೊತ್ತು. ನಾನು ಹೇಳಬಯಸುವುದು ಕಣದ ಪುಸ್ತಕದ ಬಗ್ಗೆ. ನನ್ನ ತಂದೆಯವರ ಕಾಲದಿಂದಲೂ ನಮ್ಮಲ್ಲಿ ಒಂದು ಪುಸ್ತಕವಿದೆ. ಅದರಲ್ಲಿ ಬಿಸಿಲು ಬಿದ್ದ ದಿನ, ಮೋಡ ಮುಚ್ಚಿದ ದಿನ, ಅಕಾಲಿಕ ಮಳೆ ಬಂದು ಟಾರ್ಪಾಲು ಹೊದಿಸಿದ ದಿನ, ಕಾರ್ಮಿಕರು ಬಾರದೆ ಹಣ್ಣು ಗಿಡದಲ್ಲಿಯೇ ಉಳಿದ ದಿನ, ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತೇವೆ. ಕಾರ್ಮಿಕರು ಬಾರದ ದಿನವನ್ನು ಒಣಗಿದ ದಿನ ಎಂದು ಬರೆದರೆ ಮುಂದಿನ ವರ್ಷದ ಅಂದಾಜೇ ತಪ್ಪುತ್ತದೆ. ಕಾಫಿ ಒಣಗಲು ಒಂದು ತಿಂಗಳು ಬೇಕು ಎಂದು ನಾವೇ ನಂಬಿಬಿಡುತ್ತೇವೆ. ಕೊಳ್ಳುವವರು ಏಕೆ ತಡ ಎಂದು ಕೇಳಿದಾಗ ಪುಸ್ತಕ ತೆರೆದು ತೋರಿಸಿದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಮೆಟ್ರೋ ಮಾರ್ಗಕ್ಕೂ ಇಂಥ ಒಂದು ಪುಸ್ತಕ ಬೇಕು, ಮತ್ತು ಅದು ಸಾರ್ವಜನಿಕರ ಎದುರು ತೆರೆದೇ ಇರಬೇಕು.

ಕಾರಣ ಕಣ್ಣೆದುರಿಗೆ ಇದ್ದರೆ ಜನ ಕಾಯುತ್ತಾರೆ ಎಂಬುದನ್ನು ನಾವು ಕೊಡಗಿನಲ್ಲಿ ಅನುಭವಿಸಿ ತಿಳಿದಿದ್ದೇವೆ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡಗಳು ಜರಿದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಮುಚ್ಚಿಹೋಯಿತು. ದುರಸ್ತಿಯಾದ ಮೇಲೆ ಅದನ್ನು ಮೊದಲು ಲಘು ವಾಹನಗಳಿಗೆ ಮಾತ್ರ ತೆರೆದರು. ಬಸ್ಸುಗಳು ಮತ್ತು ಭಾರದ ಲಾರಿಗಳು ನಂತರ. ಆ ಅವಧಿಯಲ್ಲಿ ಮಂಗಳೂರಿನ ಆಸ್ಪತ್ರೆಗಳಿಗೆ ಸುತ್ತು ದಾರಿಯಲ್ಲಿ ಹೋದವರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಕಷ್ಟವಾಯಿತು, ಆದರೂ ಲಾರಿಯನ್ನು ಇವತ್ತೇ ಬಿಡಿ ಎಂದು ಯಾರೂ ಹಟ ಹಿಡಿಯಲಿಲ್ಲ, ಏಕೆಂದರೆ ರಸ್ತೆಯ ಅಂಚು ಎಲ್ಲಿ ಕುಸಿದಿದೆ, ಎಲ್ಲಿ ಮಣ್ಣು ಇನ್ನೂ ಹಸಿಯಾಗಿದೆ ಎಂಬುದನ್ನು ಜನ ಹೋಗಿ ನೋಡಬಹುದಿತ್ತು. ಸಿಗ್ನಲಿಂಗ್ ತಂತ್ರಾಂಶದ ಕುಸಿದ ಅಂಚನ್ನು ಹಾಗೆ ಹೋಗಿ ನೋಡಲು ಸಾಧ್ಯವಿಲ್ಲ. ಅದಕ್ಕೇ ಅದನ್ನು ಹೇಳುವ ಹೊಣೆ ತಮ್ಮ ಮೇಲೆ ಹೆಚ್ಚು ಬೀಳುತ್ತದೆ.

ಎಲ್ಲ ತಡಕ್ಕೂ ಪರೀಕ್ಷೆಯ ಹೆಸರು ಅಂಟಿದರೆ ಆಗುವ ದೊಡ್ಡ ಹಾನಿ ಬೇರೆಯೇ ಇದೆ. ಜನರಿಗೆ ಪರೀಕ್ಷೆಯ ಮೇಲೆಯೇ ಅಸಹನೆ ಬೆಳೆಯುತ್ತದೆ. ನಾಳೆ ಸುರಕ್ಷತಾ ಆಯುಕ್ತರು ಒಂದು ಬ್ರೇಕ್ ಪರೀಕ್ಷೆಯನ್ನು ಮತ್ತೆ ಮಾಡಿ ಎಂದಾಗ, ಅದಕ್ಕೆ ಮೂರು ವಾರ ಬೇಕಾದಾಗ, "ಇದೂ ಅದೇ ಹಳೆಯ ನೆಪ" ಎಂಬ ಕೂಗು ಏಳುತ್ತದೆ. ಜನಪ್ರತಿನಿಧಿಗಳು ಒತ್ತಡ ಹೇರುತ್ತಾರೆ. ಆ ಒತ್ತಡ ಕೊನೆಗೆ ರಾತ್ರಿ ಪಾಳಿಯಲ್ಲಿ ಅಳತೆ ಬರೆದುಕೊಳ್ಳುವ ಯುವ ಎಂಜಿನಿಯರನ ಹೆಗಲ ಮೇಲೆ ಬಂದು ಕೂರುತ್ತದೆ. 2023ರ ಜನವರಿಯಲ್ಲಿ ಹೊರವರ್ತುಲ ರಸ್ತೆಯ ಎಚ್‌ಬಿಆರ್ ಬಡಾವಣೆಯ ಬಳಿ, ವಿಮಾನ ನಿಲ್ದಾಣದ ಮಾರ್ಗಕ್ಕಾಗಿ ಕಟ್ಟುತ್ತಿದ್ದ ಕಂಬದ ಕಬ್ಬಿಣದ ಚೌಕಟ್ಟು ಉರುಳಿಬಿದ್ದು ತಾಯಿಯೂ ಅವರ ಎಳೆಯ ಮಗುವೂ ಪ್ರಾಣ ಕಳೆದುಕೊಂಡರು. ಅದು ಪರೀಕ್ಷೆಯ ಹಂತದಲ್ಲಿ ಆದದ್ದಲ್ಲ, ನಿರ್ಮಾಣದ ಹಂತದಲ್ಲಿ ಆದದ್ದು. ಆದರೂ ಇಂಥ ಕೆಲಸದಲ್ಲಿ ಒಂದು ಕಡೆ ಎಚ್ಚರ ತಪ್ಪಿದರೆ ಯಾರ ಮನೆ ಬರಿದಾಗುತ್ತದೆ ಎಂಬುದನ್ನು ಅದು ನಮಗೆಲ್ಲ ತೋರಿಸಿತು. ಪರೀಕ್ಷೆಗೆ ಬೇಕಾದಷ್ಟು ದಿನ ತೆಗೆದುಕೊಳ್ಳಲು ತಮಗೆ ಜನರ ಬೆಂಬಲ ಬೇಕು. ಆ ಬೆಂಬಲ ಸಿಗಬೇಕಾದರೆ ಪರೀಕ್ಷೆಗೆ ಸೇರದ ದಿನಗಳನ್ನು ಅದರ ಲೆಕ್ಕಕ್ಕೆ ಬರೆಯುವುದು ನಿಲ್ಲಬೇಕು.

ಮುಂದಿರುವ ಕೆಲಸ ಸಣ್ಣದಲ್ಲ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗ 21.26 ಕಿ.ಮೀ. ಅದರಲ್ಲಿ ತಾವರೆಕೆರೆಯವರೆಗೆ ಎತ್ತರಿಸಿದ ಹಳಿ, ಉಳಿದ 13.76 ಕಿ.ಮೀ. ಸುರಂಗ, ನೆಲದಡಿಯಲ್ಲಿ 12 ನಿಲ್ದಾಣಗಳು. ಗುಲಾಬಿ ಮತ್ತು ನೀಲಿ ಮಾರ್ಗಗಳಿಗೆ ಸೇರಿ 318 ಬೋಗಿಗಳನ್ನು ನಮ್ಮದೇ ಬೆಂಗಳೂರಿನ ಸರ್ಕಾರಿ ಕಂಪನಿ ಬೆಮೆಲ್ ತಯಾರಿಸುತ್ತಿದೆ, ಮೊದಲ ರೈಲನ್ನು 2025ರ ಡಿಸೆಂಬರ್‌ನಲ್ಲಿ ಜನರ ಮುಂದಿಟ್ಟಿತು. ಈ ರೈಲು ಹೊಸ ಮಾದರಿಯದು. ಹೊಸ ಮಾದರಿಯ ಮೊದಲ ರೈಲಿಗೆ ಮಾಡಬೇಕಾದ ಪರೀಕ್ಷೆಗಳು ನಂತರದ ರೈಲುಗಳಿಗಿಂತ ಬಹಳ ಹೆಚ್ಚು. ಸುರಂಗದಲ್ಲಿ ಗಾಳಿಯ ವ್ಯವಸ್ಥೆ, ಹೊಗೆ ಹೊರಹಾಕುವ ವ್ಯವಸ್ಥೆ, ಮಧ್ಯದಲ್ಲಿ ರೈಲು ನಿಂತರೆ ಜನರನ್ನು ನಡೆಸಿಕೊಂಡು ಬರುವ ದಾರಿ, ಇವೆಲ್ಲ ಹಳದಿ ಮಾರ್ಗದಲ್ಲಿ ಇರದಿದ್ದ ಪರೀಕ್ಷೆಗಳು. ಇನ್ನು ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗ 58 ಕಿ.ಮೀ. ಮೀರುತ್ತದೆ. ಹಳದಿ ಮಾರ್ಗದ ಹದಿನೆಂಟು ತಿಂಗಳ ಲೆಕ್ಕ ಬಿಡಿಸಿ ಹೇಳದೆ ಈ ಎರಡು ಮಾರ್ಗಗಳಿಗೆ ದಿನಾಂಕ ಹೇಳಿದರೆ ಜನ ಅದನ್ನು ನಂಬಲು ಆಧಾರವೇನು?

ಹಾಗಾಗಿ ಕೇಳಿಕೊಳ್ಳುತ್ತೇನೆ. ಪ್ರತಿ ಹೊಸ ಮಾರ್ಗಕ್ಕೂ, ಮೊದಲ ರೈಲು ಡಿಪೋಗೆ ಬಂದ ದಿನದಿಂದ, ನಡೆಯಬೇಕಾದ ಪರೀಕ್ಷೆಗಳ ಪಟ್ಟಿಯನ್ನು ಸರಳ ಕನ್ನಡದಲ್ಲಿ ಪ್ರಕಟಿಸಿ. ಯಾವುದು ಮುಗಿಯಿತು, ಯಾವುದು ಬಾಕಿ, ಯಾವುದನ್ನು ಮತ್ತೆ ಮಾಡಬೇಕಾಯಿತು ಎಂಬುದನ್ನು ವಾರಕ್ಕೊಮ್ಮೆ ತಿದ್ದಿ. ಒಂದು ಪರೀಕ್ಷೆ ವಿಫಲವಾಯಿತೆಂದು ಬರೆಯಲು ಹಿಂಜರಿಯಬೇಡಿ. ವಿಫಲವಾದದ್ದನ್ನು ಹಿಡಿದರೆಂಬುದೇ ಪರೀಕ್ಷೆ ನೆಟ್ಟಗೆ ನಡೆದಿದೆ ಎಂಬುದಕ್ಕೆ ಸಾಕ್ಷಿ. ಅದರ ಪಕ್ಕದಲ್ಲಿಯೇ ಇನ್ನೊಂದು ಪಟ್ಟಿ ಇರಲಿ: ಬೋಗಿ ಬಾರದೆ, ಪ್ರಮಾಣಪತ್ರ ಬಾರದೆ, ಅನುಮತಿ ಬಾರದೆ ಕಾದ ದಿನಗಳು, ಮತ್ತು ಯಾರ ಕಡೆಯಿಂದ ಬರಬೇಕಾಗಿತ್ತು ಎಂಬುದು. ಸುರಕ್ಷತಾ ಆಯುಕ್ತರು ಒಪ್ಪಿಗೆ ಕೊಡುವಾಗ ಹಾಕುವ ಷರತ್ತುಗಳನ್ನೂ, ಅವುಗಳನ್ನು ಪೂರೈಸಿದ ದಿನಾಂಕವನ್ನೂ ಜನರಿಗೆ ತಿಳಿಸಿ. ಇದನ್ನು ಅಂತರ್ಜಾಲದಲ್ಲಿ ಹಾಕಿದರೆ ಸಾಲದು, ಕಟ್ಟಿ ಮುಗಿದು ಬಾಗಿಲು ತೆರೆಯದ ನಿಲ್ದಾಣದ ಕೆಳಗೆ, ಬಸ್ಸಿಗೆ ಕಾಯುವವರ ಕಣ್ಣಿಗೆ ಬೀಳುವಂತೆ ಒಂದು ಫಲಕವೂ ಇರಬೇಕು.

ಉದ್ಘಾಟನೆಯ ಬಗ್ಗೆ ಒಂದು ಮಾತು. ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಎರಡು ಕಿ.ಮೀ. ಕೊಂಡಿಯನ್ನೂ ಕೆಂಗೇರಿಯಿಂದ ಚಲ್ಲಘಟ್ಟದವರೆಗಿನ ಹಳಿಯನ್ನೂ 2023ರ ಅಕ್ಟೋಬರ್ 9ರಂದು ಯಾವ ಸಮಾರಂಭಕ್ಕೂ ಕಾಯದೆ ಜನರಿಗೆ ತೆರೆದಿರಿ. 2024ರ ನವೆಂಬರ್ 7ರಂದು ನಾಗಸಂದ್ರದಿಂದ ಮಾದಾವರದವರೆಗಿನ ಮೂರು ನಿಲ್ದಾಣಗಳನ್ನೂ ಹಾಗೆಯೇ ತೆರೆದಿರಿ. ಅದು ಮಾದರಿಯಾದ ನಡೆ. ಒಪ್ಪಿಗೆ ಸಿಕ್ಕ ಮೇಲೆ ರೈಲು ಓಡಲಿ, ಸಮಾರಂಭ ಅನುಕೂಲವಾದ ದಿನ ನಡೆಯಲಿ ಎಂಬುದು ಲಿಖಿತ ನಿಯಮವಾಗಬೇಕು.

ಹೇಳಬೇಕಾದ ಒಳ್ಳೆಯ ಮಾತನ್ನೂ ಹೇಳುತ್ತೇನೆ. ಹಳದಿ ಮಾರ್ಗ ತೆರೆದ ತಿಂಗಳಿನಲ್ಲಿಯೇ ಅಕ್ಕನನ್ನು ಕರೆದುಕೊಂಡು ಹೋದೆ. ಹತ್ತುವುದಿಲ್ಲ ಎಂದಿದ್ದವಳನ್ನು ಒಪ್ಪಿಸಲು ಮರಳಿನ ಚೀಲದ ಕಥೆ, ಒದ್ದೆ ಹಳಿಯ ಬ್ರೇಕಿನ ಕಥೆ ಎಲ್ಲವನ್ನೂ ಬಸ್ಸಿನಲ್ಲಿ ಹುಣಸೂರು ದಾಟುವವರೆಗೆ ಹೇಳಬೇಕಾಯಿತು. ಕೆಂಗೇರಿಯಲ್ಲಿ ಇಳಿದು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ. ನಾವು ಪ್ಲಾಟ್‌ಫಾರ್ಮಿಗೆ ಹೋಗುವಷ್ಟರಲ್ಲಿ ಹಳದಿ ರೈಲು ಆಗತಾನೇ ಹೊರಟಿತ್ತು. ಮುಂದಿನದು 25 ನಿಮಿಷಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು. ಅಕ್ಕ ಫ್ಲಾಸ್ಕ್ ತೆರೆದು ಇಬ್ಬರಿಗೂ ಕಾಫಿ ಬಗ್ಗಿಸಿದಳು, ಪಕ್ಕದಲ್ಲಿ ಕೂತಿದ್ದ ಹೆಂಗಸಿನೊಡನೆ ಮಾತಿಗಿಳಿದಳು. ಹೇಳಿದ ಹೊತ್ತಿಗೆ ರೈಲು ಬಂತು. ಹೊಸೂರು ರಸ್ತೆಯಲ್ಲಿ ಮುಕ್ಕಾಲು ಗಂಟೆ ನಿಂತಾಗ ಅವಳ ಮುಖದಲ್ಲಿ ಕಂಡಿದ್ದ ಆಯಾಸ ಆ 25 ನಿಮಿಷದಲ್ಲಿ ಕಾಣಲಿಲ್ಲ. ರೈಲುಗಳು ಒಂದೊಂದಾಗಿ ಸೇರಿಕೊಂಡಂತೆ ಆ ಅಂತರ ಕಡಿಮೆಯಾಗುತ್ತ ಬಂದಿದೆ, ಪ್ರತಿ ಸಲವೂ ಎಷ್ಟಕ್ಕೆ ಇಳಿಯಿತು ಎಂದು ತಾವು ಪ್ರಕಟಿಸಿದ್ದೀರಿ. ತೆರೆದ ಮಾರ್ಗಕ್ಕೆ ತೋರಿಸಿದ ಈ ಶಿಸ್ತನ್ನು ತೆರೆಯಬೇಕಾದ ಮಾರ್ಗಕ್ಕೂ ತೋರಿಸಿ ಎಂದಷ್ಟೇ ನಾನು ಕೇಳುತ್ತಿರುವುದು.

ಗುಲಾಬಿ ಮಾರ್ಗವು ಹಳದಿ ಮಾರ್ಗವನ್ನು ಜಯದೇವ ಆಸ್ಪತ್ರೆಯ ನಿಲ್ದಾಣದಲ್ಲಿ ಸಂಧಿಸುತ್ತದೆ. ಎದೆನೋವೆಂದು ಆ ಆಸ್ಪತ್ರೆಗೆ ಕೊಡಗಿನಿಂದ ಹೋಗುವವರು ಎಷ್ಟೋ ಮಂದಿ; ಅವರಿಗೆ ಆ ಸಂಗಮ ಯಾವಾಗ ತೆರೆಯುತ್ತದೆ ಎಂಬುದು ಕುತೂಹಲದ ವಿಷಯವಲ್ಲ, ಯಾವ ಬಸ್ಸಿಗೆ ಟಿಕೆಟ್ ಮಾಡಿಸಬೇಕು, ಜತೆಗೆ ಎಷ್ಟು ಜನ ಹೋಗಬೇಕು, ರಾತ್ರಿ ಉಳಿಯಬೇಕೋ ಬೇಡವೋ ಎಂಬ ಲೆಕ್ಕ. ಅಕ್ಕನ ಮುಂದಿನ ತಪಾಸಣೆ ಮೇ ತಿಂಗಳಿನಲ್ಲಿದೆ. ಅಷ್ಟರೊಳಗೆ ಗುಲಾಬಿ ಮಾರ್ಗದ ಯಾವ ನಿಲ್ದಾಣದ ಕೆಳಗಾದರೂ ನಾನು ಕೇಳಿದ ಆ ಎರಡು ಪಟ್ಟಿಗಳ ಫಲಕ ಕಂಡರೆ, ಅದರ ಮುಂದೆ ಆಟೋ ನಿಲ್ಲಿಸಿ ಅವಳಿಗೆ ಓದಿ ಹೇಳುತ್ತೇನೆ. ತಮ್ಮಿಂದ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸುಂಟಿಕೊಪ್ಪದ ಒಬ್ಬ ಕಾಫಿ ಬೆಳೆಗಾರ
ಕೊಡಗು ಜಿಲ್ಲೆ